ಫೋನೂ ಕಾರೂ ಮಾತು ಬಿಟ್ಟಾಗ



ಕಾರಿನಲ್ಲಿ ಬ್ಲೂಟೂತ್ ಕೈಕೊಟ್ಟಾಗ ನಿಮ್ಮಲ್ಲಿ ಅನೇಕರು ಮಾಡುವುದು ಎರಡೇ ಕೆಲಸ. ಓಡುವ ಕಾರಿನಲ್ಲೇ ಫೋನಿನ ಮೇಲೆ ಬೆರಳಾಡಿಸುವುದು, ಇಲ್ಲವೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತನಾಡುವುದು. ನಮ್ಮ ಪಟಮಟದ ಪಕ್ಕದ ಬೆಂಜ್ ಸರ್ಕಲ್‌ನ ವಾಹನಗಳ ನಡುವೆ ಎರಡೂ ಅಪಾಯವೇ. 2019ರ ತಿದ್ದುಪಡಿಯ ನಂತರ ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿಯವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು. ಆದ್ದರಿಂದ ಮೊದಲು ಕಾರನ್ನು ಸುರಕ್ಷಿತವಾದ ಕಡೆ ನಿಲ್ಲಿಸಿ. ರಿಪೇರಿ ಆಮೇಲೆ.

ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು. ಬೇರೆ ಬೇರೆ ಜನರನ್ನು ಒಂದು ಆಳ್ವಿಕೆಯಡಿ ತಂದವನೆಂದು ಅವನ ಹೆಸರನ್ನೇ ಈ ತಂತ್ರಕ್ಕೆ ಇಟ್ಟರು. ಫೋನನ್ನೂ ಕಾರನ್ನೂ ಮೊದಲ ಸಲ ಜೋಡಿಸಿದಾಗ ಎರಡೂ ಸೇರಿ ಒಂದು ಗುಟ್ಟಿನ ಕೀಲಿಯನ್ನು ಮಾಡಿಕೊಂಡು, ತಮ್ಮ ತಮ್ಮಲ್ಲಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ಮರುದಿನ ಆ ಎರಡು ಕೀಲಿಗಳು ಹೊಂದಿದರೆ ಮಾತ್ರ ಮಾತುಕತೆ. ಒಂದು ಕಡೆ ಅಳಿಸಿ, ಇನ್ನೊಂದು ಕಡೆ ಹಳೆಯದನ್ನೇ ಉಳಿಸಿದರೆ ಜಗಳ ತೀರುವುದಿಲ್ಲ. ಒಂದು ಕೈಯಿಂದ ಚಪ್ಪಾಳೆ ಆಗದು ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿಗೂ ಸರಿ.

ಈಗ ಒಂದೊಂದಾಗಿ ನೋಡಿ.

ಮೊದಲು, ಕಾರು ಬೇರೆ ಯಾರ ಫೋನನ್ನಾದರೂ ಹಿಡಿದುಕೊಂಡಿದೆಯೇ? ಹಿಂದಿನ ಸೀಟಿನಲ್ಲಿ ಕುಳಿತ ಅಪ್ಪನ ಜೇಬಿನ ಫೋನಿಗೇ ಅದು ಅಂಟಿಕೊಂಡಿರಬಹುದು.

ಎರಡನೆಯದು, ಕಾರಿನ ಪಟ್ಟಿ ತುಂಬಿದೆಯೇ? ಕೆಲವೇ ಫೋನುಗಳಿಗೆ ಅಲ್ಲಿ ಜಾಗ. ಮಾರಿಹೋದ ಹಳೆಯ ಫೋನುಗಳ ಹೆಸರು ತೆಗೆದುಹಾಕಿ.

ಮೂರನೆಯದು, ಹಾಡು ಬರುತ್ತದೆ, ಕರೆ ಬರುವುದಿಲ್ಲವೇ? ಹಾಡಿಗೂ ಕರೆಗೂ ಬ್ಲೂಟೂತ್‌ನಲ್ಲಿ ಬೇರೆ ಬೇರೆ ದಾರಿ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಗುರುತು ಒತ್ತಿದರೆ ಎರಡಕ್ಕೂ ಬೇರೆ ಸ್ವಿಚ್ ಕಾಣುತ್ತದೆ. ನಂಬರ್ ಮಾತ್ರ ಬಂದು ಹೆಸರು ಬಾರದಿದ್ದರೆ, ಕಾಂಟ್ಯಾಕ್ಟ್ಸ್ ಅನುಮತಿ ಕೊಟ್ಟಿಲ್ಲದಿರಬಹುದು.

ಇವು ಯಾವುದೂ ಅಲ್ಲವಾದರೆ ಎರಡೂ ಕಡೆ ಅಳಿಸಿ: ಫೋನಿನಲ್ಲಿ ಕಾರನ್ನು, ಕಾರಿನಲ್ಲಿ ಫೋನನ್ನು. ಫೋನನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿ, ಕಾರನ್ನೂ ಹಾಗೆಯೇ ಮಾಡಿ. ಮತ್ತೆ ಜೋಡಿಸುವಾಗ ಎರಡು ಪರದೆಗಳಲ್ಲಿ ಅಂಕಿ ಬಂದರೆ ಒಂದೇ ಆಗಿದೆಯೇ ಎಂದು ನೋಡಿ ಒಪ್ಪಿಗೆ ಕೊಡಿ. ನೆಟ್‌ವರ್ಕ್ ರೀಸೆಟ್ ಕೊನೆಯ ಅಸ್ತ್ರ; ಅದು ಮನೆಯ ವೈಫೈ ಪಾಸ್‌ವರ್ಡನ್ನೂ ಅಳಿಸಿಬಿಡುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ಬರೆದಿಟ್ಟ ಹೆಸರುಗಳು ಕೆಲವು ಕಾರುಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಆ ಕಾರಿನ ಪರದೆಗೆ ನಮ್ಮ ಅಕ್ಷರ ಗೊತ್ತಿಲ್ಲ, ಅಷ್ಟೇ. ಅದಕ್ಕಾಗಿ ‘ಅಮ್ಮ’ನನ್ನು ‘ಮಾಮ್’ ಮಾಡಬೇಕಾಗಿಲ್ಲ. ನಿಮ್ಮ ಕಾರಿನಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದ್ದರೆ ಅದನ್ನು ಬಳಸಿ ನೋಡಿ. ಅಲ್ಲಿ ಚಿತ್ರ ಕಳುಹಿಸುವುದು ಫೋನು, ಫೋನಿಗೆ ಕನ್ನಡ ಬರುತ್ತದೆ.

ಕಾರನ್ನು ಮಾರುವ ಮುನ್ನ, ಬಾಡಿಗೆ ಕಾರನ್ನು ಹಿಂತಿರುಗಿಸುವ ಮುನ್ನ, ಅದರೊಳಗಿಂದ ನಿಮ್ಮ ಫೋನನ್ನು ಅಳಿಸಲು ಮರೆಯಬೇಡಿ. ಅತ್ತೆ, ಮಾವ, ಅಜ್ಜಿ ಎಲ್ಲರ ನಂಬರೂ ಆ ಪೆಟ್ಟಿಗೆಯಲ್ಲಿ ಉಳಿದಿರಬಹುದು. ಅವರು ನಂಬರ್ ಕೊಟ್ಟದ್ದು ನಿಮಗೆ, ಮುಂದೆ ಕಾರು ಕೊಳ್ಳುವವರಿಗಲ್ಲ.

ಹಾಗೆಯೇ ಕಾರಿನಲ್ಲಿ ಕರೆ ಎತ್ತಿದೊಡನೆ ಪಕ್ಕದಲ್ಲಿ ಯಾರಿದ್ದಾರೆಂದು ಹೇಳಿಬಿಡಿ. ಅಮ್ಮ ಹೇಳುವ ಮನೆಯ ಗುಟ್ಟು ನಾಲ್ಕು ಸ್ಪೀಕರಿನಲ್ಲಿ ಗೆಳೆಯರಿಗೆಲ್ಲ ಕೇಳುವುದು ಬೇಡ. ಮಾತು ಉದ್ದವಾಗುವಂತಿದ್ದರೆ, “ಮನೆ ಸೇರಿ ಮಾಡ್ತೀನಮ್ಮ” ಎಂದರೆ ಸಾಕು. ಕೈ ಸ್ಟೀರಿಂಗಿನ ಮೇಲಿದ್ದರೂ ಮನಸ್ಸು ಮಾತಿನಲ್ಲಿದ್ದರೆ ಅಪಾಯ ತಪ್ಪದು. ಕಾಯುವುದು ಅಮ್ಮಂದಿರಿಗೆ ಅಭ್ಯಾಸವಿದೆ.