ಒಂದು ಜೊತೆ ಶೂ

ಕಾಯಿಲೆಗೆ ದುಡ್ಡು ಸುರಿಯಲು ನಮ್ಮ ಹೆಂಗಸರಿಗೆ ಯಾರ ಅಪ್ಪಣೆಯೂ ಬೇಡ. ಕಾಯಿಲೆ ಬಾರದಿರಲೆಂದು ಖರ್ಚು ಮಾಡುವಾಗ ಮಾತ್ರ ಮನೆಮಂದಿಯ ಮುಖ ನೋಡಬೇಕು. ಮಂಡಿನೋವಿನ ಮಾತ್ರೆ, ಎಕ್ಸ್‌ರೇ, ಮುಲಾಮು ಎಂದು ಸಾವಿರಗಟ್ಟಲೆ ಹೋದರೂ ಸುಮ್ಮನಿರುವ ನಾವು, ನಡಿಗೆಗೆಂದು ಎರಡೂವರೆ ಸಾವಿರದ ಒಂದು ಜೊತೆ ಶೂ ಕೊಂಡರೆ ಬಿಲ್ಲನ್ನು ಬ್ಯಾಗಿನ ತಳಕ್ಕೆ ತುರುಕುತ್ತೇವೆ. ಯಾರಾದರೂ ಕೇಳಿದರೆ ಒಂದು ಸಾವಿರ ಇಳಿಸಿ ಹೇಳುತ್ತೇವೆ.

ನಮ್ಮ ಅಧ್ಯಾಪಕಿಯರ ಕೋಣೆಯಲ್ಲಿ ಈ ಮಾತು ಬಂದಾಗ ಗೆಳತಿಯೊಬ್ಬಳು, "ಸೀರೆಗೆ ಶೂ ಹಾಕಿದರೆ ನೋಡಿದವರು ಏನೆಂದಾರು ಮಾರಾಯ್ತಿ? ಆ ದುಡ್ಡಿಗೆ ಮಗಳಿಗೊಂದು ಚೂಡಿದಾರ ಬರ್ತಿತ್ತು" ಎಂದಳು. ಚಿನ್ನದ ಚೀಟಿಗೆ ಅವಳು ಒಂದು ತಿಂಗಳೂ ತಪ್ಪದೆ ಹಣ ಕಟ್ಟುತ್ತಾಳೆ. ಚಿನ್ನ ಆಪತ್ತಿಗೆ ಆಗುತ್ತದಂತೆ. ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡುವವಳ ಆಪತ್ತು ಹಿಮ್ಮಡಿಯಿಂದಲೇ ಶುರುವಾಗುತ್ತದೆಂದು ಅವಳಿಗೆ ಹೇಳುವವರು ಯಾರು?

"ನಮ್ಮ ಅಜ್ಜಿಯಂದಿರು ಶೂ ಹಾಕಿದ್ದರೇ?" ಎನ್ನುವವರಿದ್ದಾರೆ. ಇಲ್ಲ. ಅವರು ಬಾವಿಯಿಂದ ನೀರು ಸೇದಿದರು, ಒರಳಲ್ಲಿ ರುಬ್ಬಿದರು, ಮಣ್ಣಿನ ಅಂಗಳದಲ್ಲಿ ನಡೆದರು. ನಮಗೆ ನಲ್ಲಿ ಬಂದಿದೆ, ಮಿಕ್ಸಿ ಬಂದಿದೆ, ಕಾಲ ಕೆಳಗೆ ಟೈಲ್ಸ್ ಬಂದಿದೆ. ಅಷ್ಟಕ್ಕೂ ಅಜ್ಜಿಗೆ ಸೊಂಟ ನೋಯಲಿಲ್ಲ ಎಂದವರು ಯಾರು? ನೋಯುತ್ತಿತ್ತು, ಯಾರೂ ಕೇಳಲಿಲ್ಲ.

ವಯಸ್ಕರಿಗೆ ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. 2024ರಲ್ಲಿ ಹೊರಬಂದ ಅದರ ಅಂದಾಜಿನಂತೆ, 2022ರಲ್ಲಿ ಭಾರತದ ಗಂಡಸರಲ್ಲಿ ನೂರಕ್ಕೆ 42 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುತ್ತದೆ. ನಡಿಗೆ, ಅಳವಿಗೆ ತಕ್ಕಷ್ಟು ಭಾರ ಎತ್ತುವುದು ಆ ಸವೆತಕ್ಕೆ ತಡೆಯೊಡ್ಡುತ್ತವೆ. ಹಾಗಾದರೆ ಐವತ್ತು ದಾಟಿದವಳಿಗೆ ಶೂ, ಎರಡು ಕಿಲೋ ಡಂಬೆಲ್ ಷೋಕಿ ಹೇಗಾದೀತು?

ಕಂಡದ್ದೆಲ್ಲ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ತಂದ ಟ್ರೆಡ್‌ಮಿಲ್ ಒದ್ದೆ ಟವೆಲ್ ಒಣಗಿಸುವ ಸ್ಟ್ಯಾಂಡ್ ಆದದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಒಪ್ಪಿದೆ. ಆದರೆ ಮಗನ ಬೈಕು, ಗಂಡನ ಮೊಬೈಲು ಬರುವಾಗ ಈ ಹಾಸಿಗೆಯನ್ನು ಯಾರೂ ಅಳೆಯುವುದಿಲ್ಲ. ಅಮ್ಮನ ಕಾಲಿಗಷ್ಟೇ ಅದು ಗಿಡ್ಡವಾಗುವುದು ಏಕೆ?

ಇನ್ನೊಂದು ಮಾತು. ನಾವು ಬಿಲ್ಲು ಬಚ್ಚಿಡುವುದನ್ನು ನಮ್ಮ ಹೆಣ್ಣುಮಕ್ಕಳು ನೋಡುತ್ತಿರುತ್ತಾರೆ. ತನ್ನ ಮೈಗಾಗಿ ಮಾಡಿದ ಖರ್ಚು ಮುಚ್ಚಿಡಬೇಕಾದ ಖರ್ಚು ಎಂಬ ಪಾಠ ಅವರಿಗೆ ಯಾವ ಪುಸ್ತಕವೂ ಇಲ್ಲದೆ ಬಾಯಿಪಾಠವಾಗುತ್ತದೆ. ಆದ್ದರಿಂದ ಗೆಳತಿಯರೇ, ಮುಂದಿನ ತಿಂಗಳ ಮನೆಖರ್ಚಿನ ಪಟ್ಟಿಯಲ್ಲಿ ಹಾಲು, ಪೇಪರು, ಗ್ಯಾಸಿನ ಜೊತೆಗೆ ನಿಮ್ಮ ಹೆಸರನ್ನೂ ಬರೆಯಿರಿ. ಎದುರಿಗೆ ನಿಜವಾದ ಬೆಲೆಯನ್ನೇ ಬರೆಯಿರಿ.