ಕವಿಗೂ ಪಾಲಿರಲಿ

ವೈಟ್‌ಫೀಲ್ಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ, ಅಂತರ್ಜಾಲದಲ್ಲಿ ಹಾಡುಗಳನ್ನು ಬಿಡುಗಡೆ ಮಾಡುವ ಸ್ವತಂತ್ರ ಸಂಗೀತ ಸಂಸ್ಥೆಯನ್ನು ಆರಂಭಿಸಿದ್ದಾನೆ. ಸಂತೋಷ. ಆದರೆ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಸಹಪಾಠಿಯಿಂದ ಗೀತೆಗಳನ್ನು ಬರೆಸಿಕೊಂಡು, "ಹಣವಿಲ್ಲ, ಹೆಸರು ಬರುತ್ತದೆ" ಎಂದನಂತೆ! ಇದನ್ನು ನಾನು ಒಪ್ಪಲಾರೆ.

1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಧ್ವನಿಸುರುಳಿ ಜನಪ್ರಿಯವಾದುದರಲ್ಲಿ ನಿಸಾರ್ ಅಹಮದರ ಕವಿತೆಗಳ ಪಾಲಿರಲಿಲ್ಲವೇ? ಅಂದು ಧ್ವನಿಸುರುಳಿಗಳನ್ನು ತಯಾರಿಸಿ ಅಂಗಡಿಗಳಿಗೆ ಸಾಗಿಸಲು ಬಂಡವಾಳ ಬೇಕಿತ್ತು. ಇಂದು ಆ ವೆಚ್ಚದ ನೆಪವೂ ಇಲ್ಲ.

2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಹಕ್ಕುಗಳನ್ನು ಬರೆದುಕೊಟ್ಟ ಬಳಿಕವೂ ಗೀತರಚನಕಾರನಿಗೆ ರಾಯಧನದಲ್ಲಿ ಸಮಪಾಲು ಉಂಟು. ಅದನ್ನು ಬಿಟ್ಟುಕೊಡುವ ಕರಾರು ಅಸಿಂಧು.

ಮಗೂ, ಮೊದಲು ಗೆಳೆಯನೊಡನೆ ನ್ಯಾಯವಾದ ಕರಾರು ಮಾಡಿಕೋ, ಅನಂತರ ಹಾಡು ಬಿಡುಗಡೆ ಮಾಡು. ಗೆಳೆಯನ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವುದು ಸ್ವಾತಂತ್ರ್ಯವಲ್ಲ.