ಸನ್ನೆಗೆ ದಂಡ, ಸಾವಿಗೆ ವರದಿ

"ಗೆದ್ದೋರು ಕುಣೀದೆ ಇನ್ನೇನ್ ಅಳ್ತಾರಾ?"

"ಗೆದ್ದೋನೇ ಅಳ್ತಾವ್ನೆ ನೋಡ್ಲಾ ಅಲ್ಲಿ!"

2025ರ ಜೂನ್ 3ರ ರಾತ್ರಿ ಮಂಡ್ಯದ ನಮ್ಮ ಕೆರಗೋಡಿನ ಟೀ ಅಂಗಡಿಯ ಮುಂದೆ ನಡೆದ ಮಾತಿದು. ಟಿವಿಯೊಳಗೆ ಅಹಮದಾಬಾದಿನ ಐಪಿಎಲ್ ಫೈನಲ್. ಕೊನೆಯ ಓವರಿಗೆ ಪಂಜಾಬಿಗೆ 29 ರನ್ ಬೇಕಿತ್ತು. ಓವರ್ ಇನ್ನೂ ಮುಗಿದೇ ಇರಲಿಲ್ಲ, ಬೌಂಡರಿ ಹತ್ತಿರ ನಿಂತಿದ್ದ ವಿರಾಟ್ ಕೊಹ್ಲಿಯ ಕಣ್ಣು ತುಂಬಿತ್ತು. ಶಶಾಂಕ್ ಸಿಂಗ್ ಸಿಕ್ಸರ್ ಮೇಲೆ ಸಿಕ್ಸರ್ ಎತ್ತಿದರೂ ಆರ್‌ಸಿಬಿ 6 ರನ್ನಿಂದ ಗೆದ್ದಿತು. ಹದಿನೆಂಟು ವರ್ಷದ ಹರಕೆ ತೀರಿತು. ಹದಿನೆಂಟನೇ ನಂಬರಿನ ಜೆರ್ಸಿ ತೊಟ್ಟ ನಮ್ಮ ಐಕ್ಳು ಬೈಕಿನ ಹಾರನ್ ಒತ್ತಿದವರು ಮಧ್ಯರಾತ್ರಿ ದಾಟಿದರೂ ಕೈ ತೆಗೆಯಲಿಲ್ಲ. ಕಬ್ಬಿಗೆ ನೀರು ತಿರುಗಿಸಲು ಹೊರಟಿದ್ದ ಯಜಮಾನರೊಬ್ಬರು ಗುದ್ದಲಿಯನ್ನು ಗೋಡೆಗೆ ಒರಗಿಸಿ, "ಕಪ್ ನಮ್ದಾಯ್ತಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಗದ್ದೆಗೆ ಹೋದರು.

ಮಾರನೆಯ ಸಂಜೆ ಅದೇ ಟಿವಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟು, ರಾಶಿ ಬಿದ್ದ ಚಪ್ಪಲಿ, ಆಂಬುಲೆನ್ಸು. ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತಿದ್ದರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹುಡುಗನೊಬ್ಬನೂ ಇದ್ದ.

ಆಮೇಲೆ ಶುರುವಾಯಿತು ಉಪದೇಶ. ಹಳ್ಳಿ ಕಟ್ಟೆಯಿಂದ ಟಿವಿ ಸ್ಟುಡಿಯೋವರೆಗೆ ಎರಡೇ ರಾಗ. "ಇವ್ರು ಯಾಕ್ ಹೋಗ್ಬೇಕಿತ್ತು?" ಎಂಬುದು ಒಂದು. "ಮೈದಾನದಲ್ಲಿ ಆಟಗಾರರೇ ಹುಚ್ಚಾಟ ಆಡಿದರೆ ಅಭಿಮಾನಿಗಳು ಇನ್ನೇನು ಕಲಿತಾರು?" ಎಂಬುದು ಇನ್ನೊಂದು. ಎರಡನೆಯದು ಓದಿದವರ ರಾಗ, ಆದ್ದರಿಂದ ಹೆಚ್ಚು ಅಪಾಯಕಾರಿ. ಎರಡೂ ತಪ್ಪು ಎನ್ನುವುದಕ್ಕೇ ಈ ಲೇಖನ.

ಮೊದಲು ಮೈದಾನದ ಹುಚ್ಚಾಟದ ಮಾತು. ಆ ಸೀಸನ್ನಿನಲ್ಲಿ ತಕರಾರಿಗೆ ಬರವಿರಲಿಲ್ಲ. ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ ಔಟಾಗದೆ 93 ಹೊಡೆದ ಕೆ.ಎಲ್. ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ನಡುವೆ ಊರಿ, ಇದು ನನ್ನ ಜಾಗ ಎಂದರು. 'ಕಾಂತಾರ' ನೋಡಿದವರಿಗೆಲ್ಲ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋತದ್ದು ನಮ್ಮ ತಂಡ, ಮೆರೆದದ್ದು ನಮ್ಮ ಹುಡುಗ. ಯಾರಿಗೆ ಸಿಟ್ಟಾಗಬೇಕೆಂದು ತಿಳಿಯದೆ ಅಭಿಮಾನಿಗಳು ತಮ್ಮತಮ್ಮಲ್ಲೇ ಕಿತ್ತಾಡಿದರು. ಮೇ 29ರಂದು ಮುಲ್ಲನ್‌ಪುರದ ಮೊದಲ ಕ್ವಾಲಿಫೈಯರ್. ಪಂಜಾಬನ್ನು 101ಕ್ಕೆ ಕೆಡವಿದ ಆ ಪ್ಲೇಆಫ್ ಪಂದ್ಯದಲ್ಲಿ, ಬ್ಯಾಟಿಂಗಿಗೆ ಬಂದ ಎಳೆ ಹುಡುಗ ಮುಷೀರ್ ಖಾನ್‌ನನ್ನು ಕೊಹ್ಲಿ ನೀರು ಹೊರುವವನೆಂದು ಹಂಗಿಸಿದರು ಎಂಬ ಗಲಾಟೆ. ಅದರ ಹಿಂದಿನ ವರ್ಷ, 2024ರ ಮೇ 18ರಂದು, ಚೆನ್ನೈಯನ್ನು 27 ರನ್ನಿಂದ ಸೋಲಿಸಿ ಪ್ಲೇಆಫ್ ಸೇರಿದಾಗ ಆರ್‌ಸಿಬಿಯವರ ಕುಣಿತ ಮುಗಿಯದೆ ಧೋನಿ ಕೈಕುಲುಕದೆ ಒಳಗೆ ಹೋದರೆಂಬ ದೂರು. ಕಪ್ಪು ಗೆದ್ದಂತೆ ಕುಣಿದವರು ನಾಲ್ಕೇ ದಿನದಲ್ಲಿ ರಾಜಸ್ಥಾನಕ್ಕೆ ಸೋತು ಮನೆ ಸೇರಿದರು. ಅದು ಆಟ ತಾನೇ ಕಲಿಸಿದ ಪಾಠ. ಅದಕ್ಕೆ ಬೇರೆ ಮೇಷ್ಟ್ರು ಬೇಕಿರಲಿಲ್ಲ.

ಕುಣಿತವನ್ನು ಕಂಡು ಮೂಗು ಮುರಿಯುವವರು ಕಬಡ್ಡಿ ನೋಡಿಲ್ಲವೇ? ನಮ್ಮ ಕಡೆ ಹಬ್ಬದ ಕಬಡ್ಡಿಯಲ್ಲಿ ಎರಡು ಮೂರು ಜನರನ್ನು ಮುಟ್ಟಿ ಗೆರೆ ದಾಟಿ ಬಂದವನು ತೊಡೆ ತಟ್ಟುತ್ತಾನೆ. ಆ ಸದ್ದು ಮೈಕಿನ ಸದ್ದನ್ನೂ ಮೀರಿ ಕೇಳುತ್ತದೆ. ತಟ್ಟದಿದ್ದರೆ ಅವನ ಪಕ್ಕದವರೇ "ಯಾಕ್ಲಾ, ಉಂಡಿಲ್ವಾ?" ಎನ್ನುತ್ತಾರೆ. ಗರಡಿಯಿಂದ ಬಂದ ಸಡ್ಡು ಹೊಡೆಯುವುದು ಎಂಬ ಮಾತು ಇಲ್ಲದೆ ನಮ್ಮ ಪತ್ರಿಕೆಗಳು ಒಂದು ಚುನಾವಣೆಯ ಸುದ್ದಿಯನ್ನೂ ಬರೆಯಲಾರವು. ಎದುರಾಳಿಗೆ ಸಡ್ಡು ಹೊಡೆಯುವುದು ಆಟದ ಭಾಷೆ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಬಿಂದಿಗೆಯಿಂದ ನೀರು ಕುಡಿಯುತ್ತಾರೆ.

ಕ್ರಿಕೆಟ್ಟಿನಲ್ಲೇ ಬೇಕೆಂದರೆ 1996ರ ಮಾರ್ಚ್ 9 ನೆನಪಿಸಿಕೊಳ್ಳಿ. ಅದೇ ಚಿನ್ನಸ್ವಾಮಿ, ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬೌಂಡರಿ ಹೊಡೆದು, ಚೆಂಡು ಹೋದ ದಿಕ್ಕಿಗೆ ಬ್ಯಾಟ್ ತೋರಿಸಿದರು. ಮುಂದಿನ ಎಸೆತಕ್ಕೇ ವಿಕೆಟ್ ಹಾರಿತು. ಮೆದು ಮಾತಿನ ಪ್ರಸಾದ್ ಪೆವಿಲಿಯನ್ನಿಗೆ ದಾರಿ ತೋರಿಸಿದರು. ಆ ಪಂದ್ಯವನ್ನು ಭಾರತ 39 ರನ್ನಿಂದ ಗೆದ್ದದ್ದನ್ನು ಮರೆತವರಿಗೂ ಆ ಬೆರಳು ನೆನಪಿದೆ. ಅದನ್ನು ನೋಡಿ ಬೆಳೆದ ನನ್ನ ತಲೆಮಾರಿನವರು ಇಂದಿನ ಹುಡುಗರಿಗೆ ಸಭ್ಯತೆಯ ಪಾಠ ಹೇಳುವುದು ತಮಾಷೆಯ ಸಂಗತಿ.

ಈ ಜಗಳ ನಮ್ಮೊಬ್ಬರದೂ ಅಲ್ಲ. ಬೇಸ್‌ಬಾಲಿನ ಅಮೆರಿಕದಲ್ಲಿ ಹೋಮ್ ರನ್ ಹೊಡೆದವನು ತಲೆ ತಗ್ಗಿಸಿ ಓಡಬೇಕೆಂಬ ಬರೆಯದ ಕಾನೂನಿತ್ತು. 2015ರ ಅಕ್ಟೋಬರ್ 14ರಂದು, ಸೋತವರು ಮನೆಗೆ ಹೋಗುವ ಪ್ಲೇಆಫ್ ಪಂದ್ಯದಲ್ಲಿ, ಟೊರಾಂಟೊದ ಹೊಸೆ ಬಟಿಸ್ಟಾ ಚೆಂಡನ್ನು ಪ್ರೇಕ್ಷಕರ ನಡುವೆ ಕಳಿಸಿ ಬ್ಯಾಟನ್ನು ಗಾಳಿಗೆ ಎಸೆದರು. ಟೆಕ್ಸಸ್ ತಂಡ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮೇ ತಿಂಗಳಲ್ಲಿ ಮೈದಾನದಲ್ಲೇ ಅವರ ದವಡೆಗೆ ಗುದ್ದಿ ತೀರಿಸಿಕೊಂಡಿತು. ಅದೇ ಬ್ಯಾಟೆಸೆತ ದಕ್ಷಿಣ ಕೊರಿಯಾದ ಮೈದಾನಗಳಲ್ಲಿ ದಿನನಿತ್ಯದ ಆಟ; ಅಲ್ಲಿ ಯಾರೂ ಗುದ್ದಾಡುವುದಿಲ್ಲ. 2018ರ ಹೊತ್ತಿಗೆ ಅಮೆರಿಕದ ಲೀಗೇ ಹುಡುಗರನ್ನು ಆಡಲು ಬಿಡಿ ಎಂದು ಜಾಹೀರಾತು ಮಾಡಿತು. ಒಬ್ಬರ ಅವಮಾನ ಇನ್ನೊಬ್ಬರ ವಾಡಿಕೆ, ಅಷ್ಟೆ.

ಹಾಗೆಂದು ಅಭಿಮಾನಿಗಳೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ಸೋತ ತಂಡದ ಆಟಗಾರನ ಹೆಂಡತಿ ಮಕ್ಕಳನ್ನು ಬೈಯುವುದು ಅಭಿಮಾನವಲ್ಲ, ಕೊಳಕು. 2025ರ ಮೇ ತಿಂಗಳಲ್ಲಿ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಕೊಹ್ಲಿಯ ಕಟೌಟ್ ಮುಂದೆ ಮೇಕೆ ಕಡಿದವರ ಮೇಲೆ ಪೊಲೀಸರು ಕೇಸು ಹಾಕಿದರು. ಹಾಕಿದ್ದು ಸರಿಯೇ. ಮೇಕೆಗೆ ನ್ಯಾಯ ಸಿಗಲು ಆಯೋಗ ಬೇಕಾಗಲಿಲ್ಲ.

ಮೈದಾನದೊಳಗೂ ಹಾಗೆಯೇ, ಲೆಕ್ಕ ಪಕ್ಕಾ. ಲಕ್ನೋ ತಂಡದ ಸ್ಪಿನ್ನರ್ ದಿಗ್ವೇಶ್ ರಾಠಿ ಔಟಾದವರ ಹೆಸರನ್ನು ಅಂಗೈ ಪುಸ್ತಕದಲ್ಲಿ ಬರೆದುಕೊಳ್ಳುವಂತೆ ಸನ್ನೆ ಮಾಡುತ್ತಿದ್ದ. ಮೊದಲ ಸಲಕ್ಕೆ ಪಂದ್ಯದ ಸಂಭಾವನೆಯಲ್ಲಿ ಶೇ. 25 ದಂಡ, ಎರಡನೆಯದಕ್ಕೆ ಶೇ. 50, ಮೂರನೆಯದಕ್ಕೆ ಮತ್ತೆ ಶೇ. 50. ಡಿಮೆರಿಟ್ ಪಾಯಿಂಟ್ 5 ತಲುಪಿತು, ಒಂದು ಪಂದ್ಯದ ನಿಷೇಧ. ಇಲ್ಲದ ಪುಸ್ತಕದಲ್ಲಿ ಇಲ್ಲದ ಪೆನ್ನಿನಿಂದ ಬರೆದದ್ದಕ್ಕೆ ಇಷ್ಟು. ಪಂದ್ಯದ ರೆಫರಿಗೆ ತೀರ್ಪು ಕೊಡಲು ಒಂದು ರಾತ್ರಿ ಸಾಕಾಗುತ್ತಿತ್ತು.

ಈಗ ಜೂನ್ 4ರ ಲೆಕ್ಕ ನೋಡೋಣ. ಬೆಳಿಗ್ಗೆ ಏಳಕ್ಕೇ ತಂಡ ಜಾಲತಾಣದಲ್ಲಿ ಅಭಿಮಾನಿಗಳಿಗೆ ಬನ್ನಿ ಎಂದಿತು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಮೆರವಣಿಗೆ ಇಲ್ಲ ಎಂದರು. ಮೂರರ ಮೇಲೆ ತಂಡ ಮತ್ತೆ ಸಂಜೆ ಐದಕ್ಕೆ ಮೆರವಣಿಗೆ ಇದೆ, ಉಚಿತ ಪಾಸ್ ಇದೆ ಎಂದಿತು. ಅಷ್ಟರಲ್ಲಿ ಜನ ಬಂದಾಗಿತ್ತು. ನಮ್ಮ ಮೆಟ್ರೋ ಒಂದೇ ದಿನ 9.66 ಲಕ್ಷ ಪ್ರಯಾಣಿಕರನ್ನು ಹೊತ್ತು ದಾಖಲೆ ಬರೆಯಿತು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಎರಡು ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ವಿಧಿವತ್ತಾಗಿ ಅನುಮತಿಯನ್ನೇ ಕೇಳಿರಲಿಲ್ಲ ಎಂದು ಸರ್ಕಾರ ಆಮೇಲೆ ಹೈಕೋರ್ಟಿಗೆ ತಿಳಿಸಿತು. ಹಾಗಾದರೆ ಅದೇ ತಂಡಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಪೇಟ ತೊಡಿಸಿದ್ದು ಯಾವ ಅನುಮತಿಯಲ್ಲಿ? ಆಟಗಾರರ ಪಕ್ಕ ನಿಲ್ಲಲು ಮಂತ್ರಿಗಳು, ಅವರ ಮನೆಯವರು ನೂಕಾಡಿದ್ದನ್ನು ನಾಡೇ ನೋಡಿತು. ಅಂದಿನ ಅತಿರೇಕದ ಸಂಭ್ರಮ ಯಾರದೆಂದು ಕೇಳಿದರೆ ನಾನು ಆ ಮೆಟ್ಟಿಲ ಕಡೆ ಬೆರಳು ತೋರಿಸುತ್ತೇನೆ.

ಮುಂದೇನಾಯಿತು? ಜೂನ್ 5ರಂದು ನಗರ ಪೊಲೀಸ್ ಕಮಿಷನರ್ ಬಿ. ದಯಾನಂದ ಸೇರಿ ಅಧಿಕಾರಿಗಳ ಅಮಾನತು. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಅವರಲ್ಲೊಬ್ಬರ ಅಮಾನತು ರದ್ದುಮಾಡಿ, ಪೊಲೀಸರೂ ಮನುಷ್ಯರೇ, ದೇವರಲ್ಲ, ಮಾಂತ್ರಿಕರಲ್ಲ ಎಂದಿತು. ಆ ತಿಂಗಳು ಮುಗಿಯುವ ಮೊದಲೇ ಸರ್ಕಾರ ಅಮಾನತು ಹಿಂದಕ್ಕೆ ಪಡೆಯಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗದ ವರದಿ ಜುಲೈ 11ರಂದು ಸಲ್ಲಿಕೆಯಾಯಿತು. ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ರಾಜೀನಾಮೆ ಕೊಟ್ಟರು. ಪರಿಹಾರ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಗುಂಪು ನಿಯಂತ್ರಣಕ್ಕೊಂದು ಮಸೂದೆ ಬಂದು ಸದನ ಸಮಿತಿಯ ಕೈ ಸೇರಿತು. ಸರ್ಕಾರ ತಂಡವನ್ನು ತೋರಿಸಿತು, ತಂಡ ಪೊಲೀಸರನ್ನು ತೋರಿಸಿತು, ವಿರೋಧ ಪಕ್ಷ ಸರ್ಕಾರವನ್ನು ತೋರಿಸಿತು, ಮುಖ್ಯಮಂತ್ರಿ ಕುಂಭಮೇಳದ ಸಾವುಗಳನ್ನು ತೋರಿಸಿದರು. ಬೆರಳು ತೋರಿಸುವುದಕ್ಕೆ ಡಿಮೆರಿಟ್ ಪಾಯಿಂಟ್ ಇದ್ದರೆ ಇಡೀ ವಿಧಾನಸೌಧವೇ ಒಂದು ಪಂದ್ಯ ಹೊರಗುಳಿಯಬೇಕಿತ್ತು.

ನಮ್ಮ ಭಾಷೆಯೂ ಇದರಲ್ಲಿ ಪಾಲುದಾರ. 'ಕಾಲ್ತುಳಿತ' ಎಂದು ನಾವು ಬರೆಯುತ್ತೇವೆ. ಬರೆದ ಕೂಡಲೇ ತಪ್ಪು ತುಳಿದ ಕಾಲಿನ ಮೇಲೆ ಬೀಳುತ್ತದೆ. ಇಂಥ ನೂಕುನುಗ್ಗಲಿನಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರು ಸಿಗದೆ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿಕೊಂಡರೆ ಗುಂಪು ನಾಲೆಯ ನೀರಿನಂತಾಗುತ್ತದೆ. ಹಿಂದಿನವರ ಒತ್ತು ಮುಂದಿನವರ ಎದೆಗೆ ಬರುತ್ತದೆ, ಹಿಂದಿನವನಿಗೆ ಅದು ಗೊತ್ತೇ ಆಗುವುದಿಲ್ಲ. ನಿಂತಲ್ಲೇ, ನೆಟ್ಟಗೆ ನಿಂತೇ ಜನ ಸಾಯುತ್ತಾರೆ. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರ ಫುಟ್‌ಬಾಲ್ ಸೆಮಿಫೈನಲ್ ದಿನದ ಇಂಥದೇ ಒತ್ತಡಕ್ಕೆ 97 ಮಂದಿ ಬಲಿಯಾದರು. ಕುಡುಕ ಅಭಿಮಾನಿಗಳದೇ ತಪ್ಪು ಎಂದು ಪತ್ರಿಕೆ ಬರೆಯಿತು, ಪೊಲೀಸರು ಹೇಳಿದರು. ತಪ್ಪು ಅಭಿಮಾನಿಗಳದಲ್ಲ ಎಂದು ನ್ಯಾಯದರ್ಶಿ ಮಂಡಳಿ ಹೇಳಲು 2016 ಆಗಬೇಕಾಯಿತು. ಇಪ್ಪತ್ತೇಳು ವರ್ಷ ತಾಯಂದಿರು ಮಕ್ಕಳಿಗಂಟಿದ ಕೆಸರನ್ನು ಒರೆಸಿದರು.

ಅಷ್ಟು ಜನರನ್ನು ಯಾರಿಂದ ತಡೆಯಲಾದೀತು ಎನ್ನುವವರಿಗೆ ಕೆರಗೋಡಿನವನಾಗಿ ಒಂದು ಮಾತು. 2024ರ ಜನವರಿಯಲ್ಲಿ ನಮ್ಮೂರಿನ 108 ಅಡಿ ಕಂಬದ ಮೇಲೆ ಯಾವ ಬಾವುಟ ಹಾರಬೇಕೆಂಬ ಗಲಾಟೆ ನಾಡಿನ ಸುದ್ದಿಯಾಯಿತು. ಯಾರು ಸರಿ ಯಾರು ತಪ್ಪು ಎಂಬುದು ಇಲ್ಲಿ ಬೇಡ. ಆ ದಿನಗಳಲ್ಲಿ ಈ ಸಣ್ಣ ಊರಿಗೆ ವ್ಯಾನುಗಟ್ಟಲೆ ಪೊಲೀಸರು ಬಂದರು, ನಿಷೇಧಾಜ್ಞೆ ಬಂತು, ಬ್ಯಾರಿಕೇಡ್ ಬಂತು, ಲಾಠಿಯೂ ಬೀಸಿತು. ಸರ್ಕಾರಕ್ಕೆ ಗುಂಪು ತಡೆಯಲು ಬರುತ್ತದೆ ಎನ್ನುವುದಕ್ಕೆ ನಾವೇ ಸಾಕ್ಷಿ. ಬೇಡದ ಗುಂಪನ್ನು ಊರ ಬಾಗಿಲಲ್ಲೇ ನಿಲ್ಲಿಸುತ್ತದೆ. ಬೇಕಾದ ಗುಂಪನ್ನು ಫೋಟೋದ ಹಿನ್ನೆಲೆಗೆ ಕರೆಯುತ್ತದೆ. ಜೂನ್ 4ರಂದು ಅದಕ್ಕೆ ಗುಂಪು ಬೇಕಾಗಿತ್ತು.

"ಯಾಕ್ ಹೋದ್ರು?" ಎಂಬ ಮೊದಲ ರಾಗಕ್ಕೂ ಉತ್ತರ ಇಲ್ಲೇ ಇದೆ. ಕರೆದರು, ಹೋದರು. 2024-25ರ ಹಂಗಾಮಿನಲ್ಲಿ ಒಂದು ಟನ್ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ದರ 3,400 ರೂಪಾಯಿ. ಆಗ ಐಪಿಎಲ್ ಪಂದ್ಯಕ್ಕೆ ಚಿನ್ನಸ್ವಾಮಿಯ ಸುಮಾರಾದ ಸೀಟೊಂದಕ್ಕೆ ಹೆಚ್ಚುಕಮ್ಮಿ ಅಷ್ಟೇ ಬೇಕಿತ್ತು. ಕಾರ್ಖಾನೆಯ ವೇಬ್ರಿಡ್ಜಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವ ಮನೆಯ ಹುಡುಗನಿಗೆ ಪುಕ್ಕಟೆ ಪಾಸು ಎಂದರೆ ಜೀವಮಾನದ ಅವಕಾಶ. ವರ್ಷವರ್ಷವೂ ಕಪ್ ನಮ್ದೇ, ನಮ್ದೇ ಎಂದು ಅವನ ಬಾಯಲ್ಲಿ ಹೇಳಿಸಿದ ತಂಡದ ಒಡೆತನ ಆಗ ಡಿಯಾಜಿಯೊ ಹಿಡಿತದ ಮದ್ಯದ ಕಂಪನಿ ಯುನೈಟೆಡ್ ಸ್ಪಿರಿಟ್ಸ್‌ನದಾಗಿತ್ತು. ಕೂಗಲು ಬೇಕಾದಾಗ ಕಪ್ಪು ನಮ್ಮದು. ಗೇಟು ತೆರೆಯುವಾಗ ಮಾತ್ರ ನಾವು ನೂಕುವ ಜನ.

2025ರ ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾದವರು ಬೇರಾರೂ ಅಲ್ಲ, ಅದೇ ವೆಂಕಟೇಶ್ ಪ್ರಸಾದ್. ಅಂದು ಸೊಹೈಲರಿಗೆ ದಾರಿ ತೋರಿಸಿದ ಬೆರಳಿನಿಂದ ಈಗ ಅಭಿಮಾನಿಗೆ ಸುರಕ್ಷಿತ ದಾರಿ ತೋರಿಸಲಿ. ಯಾವುದೇ ವಿಜಯೋತ್ಸವಕ್ಕೆ ಮೊದಲು ಮೂರು ಸಂಗತಿ ಜನರ ಮುಂದಿಡಲಿ: ಎಷ್ಟು ಜನರಿಗೆ ಜಾಗ, ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ತಪ್ಪಿದರೆ ಹೊಣೆ ಯಾರದು. ಮೂರನೆಯದು ಹುದ್ದೆಯ ಹೆಸರಾಗಿರಬಾರದು, ಸಹಿ ಹಾಕಿದ ಮನುಷ್ಯನ ಹೆಸರಾಗಿರಬೇಕು.

ನಮ್ಮ ಹಬ್ಬದ ಕಬಡ್ಡಿಗೆ ಸಂಜೆ ಹೊತ್ತಿಗೆ ಅಂಕಣದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟುತ್ತಾರೆ. ಹಗ್ಗ ಕಟ್ಟುವುದು ಯಾರ ಪಾಲಿನ ಕೆಲಸ ಎಂದು ಊರಿನ ಮಕ್ಕಳಿಗೂ ಗೊತ್ತು. ಒಂದು ವರ್ಷ ಗೂಟ ಸಡಿಲವಾಗಿ ಜನ ಒಳಗೆ ನುಗ್ಗಿ ಹುಡುಗನೊಬ್ಬನ ಕಾಲು ಉಳುಕಿತು. ಪಂಚಾಯ್ತಿ ಕೂತವರು ತೊಡೆ ತಟ್ಟಿದವನನ್ನು ಕರೆಸಲಿಲ್ಲ, ನುಗ್ಗಿದವರನ್ನೂ ಬೈಯಲಿಲ್ಲ. "ಹಗ್ಗ ಕಟ್ಟಿದೋನ್ ಎಲ್ಲವ್ನೆ, ಕರೀರಿ" ಎಂದರು. ಅವನು ಬಂದ, ಕೈಕಟ್ಟಿ ನಿಂತ, ತಪ್ಪಾಯ್ತು ಎಂದ, ಡಾಕ್ಟರ ದುಡ್ಡು ಕೊಟ್ಟ.

ಜೂನ್ 4ರಂದು ಚಿನ್ನಸ್ವಾಮಿಯ ಗೇಟಿಗೆ ಹಗ್ಗ ಕಟ್ಟಬೇಕಾಗಿದ್ದವನು ಎಲ್ಲವ್ನೆ? ಕರೀರಿ.